ಬಟ್ಟೆಯ ಎಳೆ, ಸಮೀಕರಣದ ಉತ್ತರ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಿಂತು ಬಟ್ಟೆಯ ಬಗ್ಗೆ ಮಾತಾಡೋಕೆ ಗಣಿತದವರಿಗೆ ಸ್ವಲ್ಪ ಧೈರ್ಯ ಬೇಕು. ಜೀನ್ಸ್ ಹೊಲಿಯುವ ಊರು ಇದು. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ. 1878ರಲ್ಲಿ ರಷ್ಯಾದ ಗಣಿತಜ್ಞ ಚೆಬಿಶೆವ್ ಪ್ಯಾರಿಸ್‌ನಲ್ಲಿ ಒಂದು ಉಪನ್ಯಾಸ ಕೊಟ್ಟರು. ವಿಷಯ, ಬಟ್ಟೆ ಕತ್ತರಿಸುವುದು!

ಬಟ್ಟೆಯನ್ನು ಕ್ರಾಸ್ ಆಗಿ ಎಳೆದು ನೋಡಿ. ಹಾಸು, ಹೊಕ್ಕು ಎರಡರ ಎಳೆಯೂ ಉದ್ದವಾಗುವುದಿಲ್ಲ. ಅವುಗಳ ನಡುವಿನ ಕೋನ ಮಾತ್ರ ಬದಲಾಗುತ್ತದೆ. ಹಾಗಾಗಿ ಬಟ್ಟೆ ಒಂದು ಮೇಲ್ಮೈಯನ್ನು ಹೇಗೆ ಅಪ್ಪಿದೆ ಅನ್ನುವುದೆಲ್ಲ ಆ ಕೋನದಲ್ಲೇ ಇದೆ.

ಈಗ ಎಲ್ಲೆಲ್ಲೂ ವಕ್ರತೆ (ಬಾಗುವಿಕೆಯ ಅಳತೆ) ಮೈನಸ್ 1 ಇರುವ, ಅಂದರೆ ಎಲ್ಲ ಕಡೆ ಕುದುರೆಯ ಜೀನಿನಂತೆ ಬಾಗಿರುವ ಮೇಲ್ಮೈ ತೆಗೆದುಕೊಳ್ಳಿ. ಕೋನವನ್ನು ಒಮ್ಮೆ ಹಾಸಿನ ದಿಕ್ಕಿನಲ್ಲಿ, ಒಮ್ಮೆ ಹೊಕ್ಕಿನ ದಿಕ್ಕಿನಲ್ಲಿ ಡಿಫರೆನ್ಷಿಯೇಟ್ ಮಾಡಿ. ಬರುವುದು ಅದೇ ಕೋನದ ಸೈನ್. ಇಷ್ಟೇ! ಇದನ್ನೇ ನಾವು ಸೈನ್-ಗೋರ್ಡನ್ ಸಮೀಕರಣ ಅನ್ನುವುದು. ಹೆಸರು ಆಮೇಲೆ ಬಂತು, ಸಮೀಕರಣ ಬೂರ್ ಎಂಬ ಫ್ರೆಂಚರ ಬರಹದಲ್ಲಿ 1862ರಲ್ಲೇ ಇತ್ತು.

ಸೈನ್ ಇದೆಯಲ್ಲ, ತೊಂದರೆ ಅದೇ. ಎರಡು ಉತ್ತರ ಕೂಡಿಸಿದರೆ ಮೂರನೆಯ ಉತ್ತರ ಸಿಗುವುದಿಲ್ಲ. ಆದರೆ ಮೇಲ್ಮೈಯನ್ನೇ ನೋಡುತ್ತಿದ್ದವರಿಗೆ ಬೇರೆ ದಾರಿ ಹೊಳೆಯಿತು. ಪ್ರತಿ ಬಿಂದುವಿನಲ್ಲೂ ಸ್ಪರ್ಶ ಸಮತಲದ, ಅಂದರೆ ಅಲ್ಲಿ ಮೇಲ್ಮೈಯನ್ನು ಮುಟ್ಟಿಕೊಂಡಿರುವ ಚಪ್ಪಟೆ ತಲದ ಮೇಲೆ ಒಂದೇ ಅಳತೆಯಷ್ಟು ದೂರ ಸರಿಯಿರಿ. ಹೊಸ ಬಿಂದುವಿನ ಸ್ಪರ್ಶ ಸಮತಲ ಹಳೆಯದಕ್ಕೆ ಯಾವಾಗಲೂ ಒಂದೇ ಕೋನದಲ್ಲಿರಬೇಕು. ದೂರವನ್ನೂ ಈ ಕೋನವನ್ನೂ ಸರಿಯಾಗಿ ಹೊಂದಿಸಿದರೆ ಹೊಸ ಮೇಲ್ಮೈಯ ವಕ್ರತೆಯೂ ಮೈನಸ್ 1! 1883ರಲ್ಲಿ ಸ್ವೀಡನ್ನಿನ ಬ್ಯಾಕ್ಲುಂಡ್ ಇದನ್ನು ತೋರಿಸಿದರು. ಅಂದರೆ ಒಂದು ಉತ್ತರದಿಂದ ಇನ್ನೊಂದು ಉತ್ತರ.

1892ರಲ್ಲಿ ಇಟಲಿಯ ಬಿಯಾಂಕಿ ಇನ್ನೂ ಮುಂದೆ ಹೋದರು. ಒಂದೇ ಮೇಲ್ಮೈಯಿಂದ ಹುಟ್ಟಿದ ಎರಡು ಮೇಲ್ಮೈ ಕೈಯಲ್ಲಿದ್ದರೆ ನಾಲ್ಕನೆಯದನ್ನು ಬರೀ ಬೀಜಗಣಿತದಿಂದ ಬರೆಯಬಹುದು. ಇಂಟಿಗ್ರೇಷನ್ ಬೇಕೇ ಇಲ್ಲ. ನನಗೆ ಈ ವಿಷಯದಲ್ಲಿ ಇದಕ್ಕಿಂತ ಇಷ್ಟವಾದ ಸೂತ್ರ ಇನ್ನೊಂದಿಲ್ಲ. 1962ರಲ್ಲಿ ಪೆರಿಂಗ್, ಸ್ಕರ್ಮ್ ಎಂಬ ಭೌತವಿಜ್ಞಾನಿಗಳು ಈ ಸಮೀಕರಣಕ್ಕೆ ಉತ್ತರವಾದ ಎರಡು ಅಲೆಗಳನ್ನು ಕಂಪ್ಯೂಟರಿನಲ್ಲಿ ಡಿಕ್ಕಿ ಹೊಡೆಸಿದರು. ಅಲೆಗಳು ಆಕಾರ ಕೆಡದೆ ಹೊರಬಂದವು. ಇವೇ ಸಾಲಿಟನ್‌ಗಳು. ಬಿಯಾಂಕಿ ಸೂತ್ರದಲ್ಲಿ ಆ ಡಿಕ್ಕಿಯ ಲೆಕ್ಕ ಮೊದಲೇ ಇತ್ತು, ಅಲ್ವಾ?

ಒಂದು ಎಚ್ಚರಿಕೆ. ವಕ್ರತೆ ಮೈನಸ್ 1 ಇರುವ ಮೇಲ್ಮೈ ನಮ್ಮ ಮೂರು ಆಯಾಮದಲ್ಲಿ ಎಲ್ಲೂ ಅಂಚಿಲ್ಲದೆ, ನುಣುಪಾಗಿ, ಪೂರ್ತಿ ಹರಡಲು ಸಾಧ್ಯವಿಲ್ಲ. 1901ರಲ್ಲಿ ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ ಇದು ಸಾಧ್ಯವಿಲ್ಲ ಅಂತ ಸಾಬೀತು ಮಾಡಿದರು. ಕೋನ 180 ಡಿಗ್ರಿ ಮುಟ್ಟಿದಲ್ಲಿ ಹಾಸು, ಹೊಕ್ಕು ಒಂದೇ ಗೆರೆಯ ಮೇಲೆ ಬೀಳುತ್ತವೆ. ಬಟ್ಟೆ ಮಡಿಚಿದಂತೆ ಚೂಪು ಅಂಚು ಏಳುತ್ತದೆ. ಸಮೀಕರಣಕ್ಕೆ ಮಾತ್ರ ಅಲ್ಲಿ ಏನೂ ತೊಂದರೆ ಇಲ್ಲ.

ಎಂಎಸ್ಸಿ ಹುಡುಗರಿಗೆ ಒಂದು ಕೆಲಸ. ಹಾಸಿನ ಅಳತೆ, ಹೊಕ್ಕಿನ ಅಳತೆ ಎರಡನ್ನೂ ಕೂಡಿಸಿ ಇ-ಯ ಘಾತಕ್ಕೆ ಹಾಕಿ. ಅದರ ಟ್ಯಾನ್ ಇನ್ವರ್ಸ್ ತೆಗೆದು 4ರಿಂದ ಗುಣಿಸಿ. ಇದು ಸಮೀಕರಣಕ್ಕೆ ಉತ್ತರ ಹೌದೋ ಅಲ್ಲವೋ ನೋಡಿ. ಆಮೇಲೆ ಕೋನ 180 ಡಿಗ್ರಿ ಎಲ್ಲಿ ಆಗುತ್ತದೆ ಅಂತ ಹುಡುಕಿ. ಅರ್ಧ ಪುಟ ಸಾಕು. ಈಗ ಪ್ರಶ್ನೆ ಕೇಳಿ.