ಹೊಸ ಬಾಹ್ಯಾಕಾಶ ಆಟ: ಮೊದಲ ದಿನ ಎಲ್ಲಿಂದ ಶುರು ಮಾಡಬೇಕು?

[ಪರದೆ: ಮೇಜಿನ ಮೇಲೆ ದಪ್ಪ ನಿಯಮ ಪುಸ್ತಕ, ಎರಡು ದಾಳ, ಪೆನ್ಸಿಲ್]

ನಮಸ್ಕಾರ. ಸೈನ್ಸ್ ಫಿಕ್ಷನ್ ರೋಲ್‌ಪ್ಲೇಯಿಂಗ್ ಆಟವನ್ನು, ಅಂದರೆ ಒಬ್ಬರು ಆಟ ನಡೆಸುತ್ತಾ, ಉಳಿದವರು ಒಂದೊಂದು ಪಾತ್ರವಾಗಿ ಬಾಹ್ಯಾಕಾಶದ ಕಥೆ ಕಟ್ಟುವ ಆಟವನ್ನು, ಹೊಸದಾಗಿ ಕೊಂಡಿದ್ದೀರಾ? ಹಾಗಾದರೆ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಾ ಕೂರಬೇಡಿ. ಸಾಮ್ರಾಜ್ಯಗಳ ಇತಿಹಾಸ, ನೌಕೆ ಕಟ್ಟುವ ಕೋಷ್ಟಕಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಪಾತ್ರ ರಚಿಸುವ ಅಧ್ಯಾಯ ಓದಿ, ದಾಳದ ಮೂಲ ನಿಯಮ ಓದಿ. ಸಿದ್ಧ ಪಾತ್ರಗಳನ್ನು ಕೊಟ್ಟಿದ್ದರೆ ಪಾತ್ರ ರಚಿಸುವ ಅಧ್ಯಾಯವನ್ನೂ ಬಿಡಬಹುದು.

ದಾಳದ ನಿಯಮವನ್ನು ಮಾತ್ರ ಚೆನ್ನಾಗಿ ಅರೆದು ಕುಡಿಯಬೇಕು. 1977ರಲ್ಲಿ ಬಂದ ‘ಟ್ರಾವೆಲರ್’ ಈ ಬಗೆಯ ಹಳೆಯ ಆಟಗಳಲ್ಲೊಂದು. ಅದರ ಈಗಿನ ಆವೃತ್ತಿಯಲ್ಲಿ ಎರಡು ದಾಳ ಉರುಳಿಸಿ, ಕೌಶಲದ ಅಂಕ ಕೂಡಿಸಿ, ಒಟ್ಟು 8 ಅಥವಾ ಹೆಚ್ಚು ಬಂದರೆ ಗೆಲುವು.

[ಪರದೆ: 36 ಚೌಕಗಳ ಪಟ, ಗೆಲ್ಲುವ ಚೌಕಗಳಿಗೆ ಬಣ್ಣ ತುಂಬುತ್ತದೆ]

ಎರಡು ದಾಳ 36 ರೀತಿಯಲ್ಲಿ ಬೀಳಬಹುದು. ಅದರಲ್ಲಿ 8 ದಾಟುವುದು ಅಥವಾ ಮುಟ್ಟುವುದು 15 ಸಲ, ಅಂದರೆ ಸುಮಾರು ಶೇ 42. ಒಂದು ಅಂಕ ಸೇರಿದರೆ ಶೇ 58, ಎರಡು ಸೇರಿದರೆ ಶೇ 72. ಈಗ ಆಟ ನಡೆಸುವವರು ‘ಸ್ವಲ್ಪ ಕಷ್ಟ’ ಎಂದು ಎರಡು ಅಂಕ ಕಳೆದರೆ? ಕೌಶಲದ ಅಂಕ ಸೊನ್ನೆಯಿರುವ ಪಾತ್ರಕ್ಕೆ ಉಳಿಯುವುದು ಶೇ 17 ಮಾತ್ರ. ಬಾಯಿಮಾತಿಗೆ ‘ಸ್ವಲ್ಪ’ ಎಂದದ್ದು ಲೆಕ್ಕದಲ್ಲಿ ಹೆಚ್ಚುಕಡಿಮೆ ಸೋಲೇ. ನಿಮ್ಮ ಆಟದ ದಾಳ ಬೇರೆಯಿರಬಹುದು, ಆದರೂ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ.

[ಪರದೆ: ಏರ್‌ಲಾಕ್ ಬಾಗಿಲಿನ ರೇಖಾಚಿತ್ರ]

ದಾಳವನ್ನು ಯಾವಾಗ ಉರುಳಿಸಬೇಕು? ಏರ್‌ಲಾಕ್‌ನ, ಅಂದರೆ ನೌಕೆಯಿಂದ ಹೊರಗೆ ಹೋಗಿಬರಲು ಇರುವ ಗಾಳಿ ಸೋರದ ಕೋಣೆಯ, ಬಾಗಿಲು ಸಿಕ್ಕಿಕೊಂಡಿದೆ ಎನ್ನಿ. ಎಂಜಿನಿಯರ್ ಕೈಯಲ್ಲಿ ಉಪಕರಣವಿದೆ, ಬೇಕಾದಷ್ಟು ಸಮಯವಿದೆ. ಆಗ ದಾಳವೇ ಬೇಡ, ಬಾಗಿಲು ತೆರೆಯಿತು ಎಂದುಬಿಡಿ. ಆದರೆ ಹೊರಗೆ ನಿಂತ ಜೊತೆಗಾರಳ ಸೂಟಿನಲ್ಲಿ ಆಮ್ಲಜನಕ ಮುಗಿಯುತ್ತಿದ್ದರೆ ದಾಳ ಕೈಗೆತ್ತಿಕೊಳ್ಳಿ. ಸೋತರೂ ‘ತೆರೆಯಲಿಲ್ಲ’ ಎಂದು ನಿಲ್ಲಿಸಬೇಡಿ. ಬಾಗಿಲು ತೆರೆಯಿತು, ಅವಳು ಒಳಗೆ ಬಂದಳು, ಆದರೆ ಅಂಚಿನ ಸೀಲ್ ಹರಿದುಹೋಯಿತು. ಈಗ ನೌಕೆಯ ಗಾಳಿಯೇ ಸೋರುತ್ತಿದೆ. ಮುಂದೇನು ಎಂದು ಎಲ್ಲರೂ ಒಟ್ಟಿಗೆ ಮಾತನಾಡತೊಡಗುತ್ತಾರೆ. ನನಗೆ ಈ ಆಟಗಳಲ್ಲಿ ಅತ್ಯಂತ ಪ್ರಿಯವಾದ ಗಳಿಗೆಯೆಂದರೆ ಇದೇ.

ಬಾಹ್ಯಾಕಾಶದ ಆಟಕ್ಕೆ ವಿಶೇಷವಾದ ಇನ್ನೊಂದು ತೊಡಕಿದೆ. ಕತ್ತಿ-ಕುದುರೆಗಳ ಜಗತ್ತಿನಲ್ಲಿ ಏನು ಸಾಧ್ಯ ಎಂಬುದು ಎಲ್ಲರಿಗೂ ಅಂದಾಜಾಗುತ್ತದೆ. ಇಲ್ಲಿ ಹಾಗಲ್ಲ. ಯಂತ್ರಗಳು ಏನು ಮಾಡಬಲ್ಲವು, ಸುದ್ದಿ ಎಷ್ಟು ಬೇಗ ತಲುಪುತ್ತದೆ ಎಂಬುದನ್ನು ಮೊದಲೇ ಮಾತನಾಡಿಕೊಳ್ಳಬೇಕು. ‘ಟ್ರಾವೆಲರ್’ನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಒಂದು ಜಿಗಿತಕ್ಕೆ ಸುಮಾರು ಒಂದು ವಾರ ಬೇಕು, ಸುದ್ದಿಯೂ ನೌಕೆಯಲ್ಲೇ ಹೋಗಬೇಕು. ಆಪತ್ತು ಬಂದಾಗ ದೂರದ ಮೇಲಧಿಕಾರಿಯನ್ನು ಕೇಳುವ ದಾರಿಯಿಲ್ಲ, ತೀರ್ಮಾನ ಆಟಗಾರರದ್ದೇ. ಒಂದೇ ಒಂದು ನಿಯಮ ಇಡೀ ಕಥೆಗೆ ಬಿಗಿ ತರುವುದೆಂದರೆ ಹೀಗೆ.

ಭಯ, ಹಿಂಸೆ ಎಷ್ಟಿರಬೇಕು ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

[ಪರದೆ: ಚಿಕ್ಕ ನೌಕೆ, ನಾಲ್ಕು ಆಸನಗಳು]

ಮೊದಲ ಆಟಕ್ಕೆ ಒಂದು ಹಳೆಯ ಸರಕು ನೌಕೆ, ನಾಲ್ಕು ಜನ, ಕೆಟ್ಟುಹೋದ ಒಂದು ವಸ್ತು ಸಾಕು. ಪೈಲಟ್, ಎಂಜಿನಿಯರ್, ವೈದ್ಯೆ, ವ್ಯಾಪಾರಿ ಎಂದು ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಡಿ. ಯಾರೂ ಸುಮ್ಮನೆ ಕೂರುವಂತಾಗಬಾರದು. ಗ್ರಹಗಳ ನಕ್ಷೆಯನ್ನು ಈಗಲೇ ಬಿಡಿಸುತ್ತಾ ಕೂರಬೇಡಿ. ಆಟ ಮುಗಿದ ಮೇಲೆ, ‘ಮುಂದೆ ಎಲ್ಲಿಗೆ ಹೋಗೋಣ?’ ಎಂದು ಆಟಗಾರರನ್ನು ಕೇಳಿ. ಅವರು ಹೇಳುವ ಒಂದು ಗ್ರಹವನ್ನಷ್ಟೇ ಮುಂದಿನ ಸಲಕ್ಕೆ ಸಿದ್ಧಪಡಿಸಿಕೊಳ್ಳಿ.