ಎಫ್‌ಎಂನಲ್ಲಿ ಹಾಡಿನ ಪಟ್ಟಿ ಬದಲಾಗುವುದು ಯಾಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

“ಮೊದಲು ಎಂಥೆಂಥಾ ಹಾಡು ಹಾಕತಿದ್ರು, ಈಗ ಬರೇ ಗದ್ದಲ.” ಹುಬ್ಬಳ್ಳಿಯ ಆಟೋದಲ್ಲಿ ಕೂತರೂ ಧಾರವಾಡದ ಖಾನಾವಳಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಎಫ್‌ಎಂ ಕೇಂದ್ರಗಳು ತಮ್ಮ ಹಾಡಿನ ಬಗೆಯನ್ನು ಯಾಕೆ ಬದಲಿಸುತ್ತವೆ? ಇವತ್ತು ಅದನ್ನೇ ಮಾತಾಡೋಣ.

ಈ ಬದಲಾವಣೆ ಎಫ್‌ಎಂಗಿಂತ ಹಳೆಯದು. 1952ರಲ್ಲಿ ಕೇಂದ್ರ ಸಚಿವ ಬಿ. ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಹಾಕಿದರು. ಶಾಸ್ತ್ರೀಯ ಸಂಗೀತ ಬೆಳೆಯಲಿ ಎಂಬುದು ಅವರ ಆಸೆ. ಕೇಳುಗರು ಜಗಳಕ್ಕೆ ಹೋಗಲಿಲ್ಲ, ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೊ ಸಿಲೋನ್ ಹಿಡಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯದೇ ವಿವಿಧ ಭಾರತಿ ಶುರುವಾಯಿತು. ಸಿನಿಮಾ ಹಾಡು ಮರಳಿ ಬಂತು. 1967ರಲ್ಲಿ ಅದಕ್ಕೆ ಜಾಹೀರಾತೂ ಸೇರಿತು.

ನಮ್ಮ ಧಾರವಾಡ ಆಕಾಶವಾಣಿ ಹುಟ್ಟಿದ್ದು 1950ರಲ್ಲಿ. ಬೇಂದ್ರೆಯವರು ಅದರ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಎಂಥ ಭಾಗ್ಯ ನೋಡಿ! ಯಾವುದು ಪ್ರಸಾರ ಆಗಬೇಕು ಎಂದು ಬರೆಯುವವರು, ಹಾಡುವವರೇ ಯೋಚಿಸುತ್ತಿದ್ದರು. ಕೋರಿಕೆಯ ಹಾಡಿಗೆ ಕಾರ್ಡು ಬರೆದು ಹಾಕುವವರಿಗೂ ಒಂದು ಮಾತಿತ್ತು.

ಖಾಸಗಿ ಎಫ್‌ಎಂ ಲೆಕ್ಕ ಬೇರೆ. ಅದಕ್ಕೆ ಜಾಹೀರಾತೇ ಅನ್ನ. ಹಾಗಾಗಿ ಮೊದಲ ಪ್ರಶ್ನೆ, ಕೇಳುವವರ ವಯಸ್ಸೆಷ್ಟು? ಅಂಗಡಿಯವರು ಹರೆಯದವರನ್ನು ಹುಡುಕುತ್ತಿದ್ದರೆ ಹೊಸ ಹಾಡೇ ಜಾಸ್ತಿ. ಕೆಲವು ಕಡೆ ಹಾಡಿನ ಒಂದೆರಡು ಸಾಲನ್ನು ಜನರಿಗೆ ಕೇಳಿಸಿ, ಇಷ್ಟವೋ ಬೇಸರವೋ ಎಂದು ಬರೆದುಕೊಳ್ಳುತ್ತಾರೆ. ಆ ಪಟ್ಟಿ ಕಂಪ್ಯೂಟರಿಗೆ ಹೋಗುತ್ತದೆ. ಗೆದ್ದ ಹಾಡು ದಿನಕ್ಕೆ ಹಲವು ಸಲ ತಿರುಗುತ್ತದೆ, ಸೋತದ್ದು ಮಾಯ. ಪಕ್ಕದ ಕೇಂದ್ರವೂ ಹೊಸ ಹಾಡಿಗೇ ಬಿದ್ದರೆ ಇನ್ನೊಂದು ಹಳೆಯ ಹಾಡಿನತ್ತ ತಿರುಗಿ ಬೇರೆ ಕೇಳುಗರನ್ನು ಹಿಡಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಪಟ್ಟಿಯೇ ದೂರದ ದೊಡ್ಡ ಊರಿನಲ್ಲಿ ತಯಾರಾದರೆ ನನಗೆ ನೋವಾಗುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರ ಹಾಡು, ಶಿಗ್ಗಾವಿ ಕಡೆಯ ಶರೀಫರ ತತ್ವಪದ, ಜಾತ್ರೆಯ ಗೀಗೀ ಪದ, ಇವನ್ನೆಲ್ಲ ಯಾರೂ ಅಲ್ಲಿ ಪರೀಕ್ಷೆಗೇ ಹಚ್ಚುವುದಿಲ್ಲ. ಕೇಳಿಸದೆ ಇಷ್ಟವೋ ಅಲ್ಲವೋ ಎಂದು ತೀರ್ಮಾನಿಸುವುದು ಹೇಗೆ?

ಸಮುದಾಯ ಬಾನುಲಿಯಲ್ಲಿ, ಅಂದರೆ ಸುತ್ತಲಿನ ಜನರಿಗಾಗಿಯೇ ನಡೆಯುವ ಸಣ್ಣ ರೇಡಿಯೊ ಕೇಂದ್ರಗಳಲ್ಲಿ ನನಗೆ ಭರವಸೆ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅಂಥ ಒಂದು ಕೇಂದ್ರ ಇದೆ. ಇವುಗಳ ಅಲೆ ಕೆಲವೇ ಮೈಲಿ ಮುಟ್ಟುತ್ತದೆ. ಆದರೆ ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕು ಎಂಬುದು ನಿಯಮ. ಊರ ಭಜನಾ ಮೇಳದವರು ಬಂದು ಹಾಡಿದರೆ ಅದೇ ಆ ದಿನದ ಹಾಡು.

ದೊಡ್ಡ ಕೇಂದ್ರಗಳಿಗೂ ನನ್ನದೊಂದು ಕೋರಿಕೆ. ನಡುರಾತ್ರಿ ಬೇಡ, ಜನ ಕೆಲಸ ಮುಗಿಸಿ ಮನೆಗೆ ಹೊರಡುವ ಸಂಜೆ ಹೊತ್ತಿನಲ್ಲೇ ಒಂದು ತಿಂಗಳು ದಿನಕ್ಕೊಂದು ತತ್ವಪದ ಹಾಕಿ. ಕೇಳುಗರೇ, ನೀವೂ ಸುಮ್ನೆ ಗೊಣಗಬೇಡಿ. ನಿಮಗೆ ಬೇಕಾದ ಹಾಡಿನ ಹೆಸರು ಹೇಳಿ ಆ ಕೇಂದ್ರಕ್ಕೆ ಒಂದು ಫೋನ್ ಮಾಡಿ. ನಮಸ್ಕಾರ.