ಟೀ ಅಲ್ಲದ ಟೀ, ಎಣ್ಣೆ ಅಲ್ಲದ ಎಣ್ಣೆ

ಎಲ್ಲರಿಗೂ ನಮಸ್ಕಾರ. ಮನೆಗೆ ಹೋದಮೇಲೆ ಒಂದು ಕೆಲಸ ಮಾಡಿ. ಬಿಳಿ ಕಾಗದದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ, ಪಕ್ಕದಲ್ಲಿ ಒಂದು ಹನಿ ಟೀ ಟ್ರೀ ಎಣ್ಣೆ ಹಾಕಿ. ಮರುದಿನ ನೋಡಿದರೆ ಕೊಬ್ಬರಿ ಎಣ್ಣೆಯ ಜಿಡ್ಡು ಹಾಗೇ ಇರುತ್ತದೆ, ಇನ್ನೊಂದು ಹೆಚ್ಚುಕಮ್ಮಿ ಹಾರಿಹೋಗಿರುತ್ತದೆ. ನಾವು ಎಡವುವುದು ಇಲ್ಲೇ. ಎಣ್ಣೆ ಅಂದ ತಕ್ಷಣ ಅಂಗೈಗೆ ಸುರಿದುಕೊಂಡು ತಲೆಗೆ ತಟ್ಟುವ ಜನ ನಾವು, ಅಲ್ವಾ?

ಕುಡಿಯುವ ಟೀ ಗಿಡಕ್ಕೂ ಈ ಟೀ ಟ್ರೀ ಗಿಡಕ್ಕೂ ಸಂಬಂಧವೇ ಇಲ್ಲ. ಇದರ ನೆಂಟರು ಯಾರು ಗೊತ್ತಾ? ನೀಲಗಿರಿ, ನೇರಳೆ, ಸೀಬೆ, ಲವಂಗ, ಎಲ್ಲಾ ಒಂದೇ ಕುಟುಂಬ. ಊರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಈಶಾನ್ಯ ಮೂಲೆ, ನೀರು ನಿಲ್ಲುವ ಜೌಗು ನೆಲ. ಅಲ್ಲಿನ ಮೂಲನಿವಾಸಿ ಬಂಡ್ಜಲಂಗ್ ಜನ ಇದರ ಎಲೆ ಜಜ್ಜಿ ಗಾಯಕ್ಕೆ ಕಟ್ಟುತ್ತಿದ್ದರು, ನೆಗಡಿ ಬಂದರೆ ಮೂಸುತ್ತಿದ್ದರು. 1920ರ ದಶಕದಲ್ಲಿ ಸಿಡ್ನಿಯ ಆರ್ಥರ್ ಪೆನ್‌ಫೋಲ್ಡ್ ಎಂಬ ರಸಾಯನ ವಿಜ್ಞಾನಿ ಪರೀಕ್ಷೆ ಮಾಡಿ, ಕ್ರಿಮಿ ಕೊಲ್ಲುವುದರಲ್ಲಿ ಇದರ ಎಣ್ಣೆ ಆಗಿನ ಕ್ರಿಮಿನಾಶಕ ಕಾರ್ಬಾಲಿಕ್ ಆಸಿಡ್‌ಗಿಂತ 11 ಪಟ್ಟು ಜೋರು ಅಂದರು.

ಎಲೆಗೆ ಹಬೆ ಹಾಯಿಸಿ ಈ ಎಣ್ಣೆ ತೆಗೆಯುತ್ತಾರೆ. 100 ಕಿಲೋ ಹಸಿ ಸೊಪ್ಪಿಗೆ ಸಿಗುವುದು ಒಂದೆರಡು ಕಿಲೋ. ಅಷ್ಟು ಸೊಪ್ಪಿನ ಸಾರ ಇಷ್ಟರಲ್ಲೇ ಇದೆ ಅಂದಮೇಲೆ ಹಾಗೇ ಹಚ್ಚಿದರೆ ಚರ್ಮ ಉರಿಯದೆ ಇರುತ್ತದೆಯೇ? ನನ್ನ ಲೆಕ್ಕ ಸರಳ: ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಹೆಚ್ಚೆಂದರೆ 5 ಹನಿ. ಅದು ಸುಮಾರು ಶೇಕಡಾ 5 ಆಗುತ್ತದೆ.

ಮೊಡವೆಗೆ ಕೆಲಸ ಮಾಡುತ್ತದಾ ಅಂತ ಎಲ್ಲರೂ ಕೇಳುತ್ತಾರೆ. 1990ರಲ್ಲಿ ಸಿಡ್ನಿಯಲ್ಲಿ 124 ಜನರ ಮೇಲೆ ಒಂದು ಪರೀಕ್ಷೆ ನಡೆದಿತ್ತು, ಶೇಕಡಾ 5ರ ಟೀ ಟ್ರೀ ಜೆಲ್ ಒಂದು ಕಡೆ, ಮೊಡವೆಗೆ ಹಚ್ಚುವ ಔಷಧಿ ಬೆಂಜಾಯಿಲ್ ಪೆರಾಕ್ಸೈಡ್ (ಶೇಕಡಾ 5) ಇನ್ನೊಂದು ಕಡೆ. ಎರಡರಿಂದಲೂ ಮೊಡವೆ ಕಡಿಮೆಯಾಯಿತು. ಟೀ ಟ್ರೀ ಸ್ವಲ್ಪ ನಿಧಾನ, ಆದರೆ ಉರಿ, ಚರ್ಮ ಒಣಗುವುದು ಕಡಿಮೆ. ತಲೆಹೊಟ್ಟಿಗೂ ಅಷ್ಟೇ ಪ್ರಮಾಣದ ಟೀ ಟ್ರೀ ಶಾಂಪೂ ನಾಲ್ಕು ವಾರದಲ್ಲಿ ಸುಮಾರಾಗಿ ಫಲ ಕೊಟ್ಟಿದೆ. ನೆಲ ಒರೆಸುವ ನೀರಿಗೆ ಹಾಕುವವರು ಮೊದಲು ಸೋಪಿನ ನೀರಿಗೆ ಬೆರೆಸಿ, ಇಲ್ಲದಿದ್ದರೆ ಸುಮ್ನೆ ಮೇಲೆ ತೇಲುತ್ತದೆ.

ಇನ್ನು ಬಾಟಲಿಯ ವಿಷಯ. ಇದನ್ನೇ ಜಾಸ್ತಿ ಹೇಳಬೇಕು. ಬಚ್ಚಲುಮನೆಯ ಕಿಟಕಿಯಲ್ಲಿ ಎರಡು ವರ್ಷದಿಂದ ಬಿದ್ದಿದ್ದ ಬಾಟಲಿಯಿಂದ ನಾನೇ ಕುತ್ತಿಗೆಗೆ ಹಚ್ಚಿಕೊಂಡು, ಒಂದು ವಾರ ಕೆಂಪು ದದ್ದು, ನವೆ ಅನುಭವಿಸಿದ್ದೇನೆ. ಗಾಳಿ, ಬೆಳಕು ತಾಗಿದರೆ ಈ ಎಣ್ಣೆ ಕೆಡುತ್ತದೆ, ಕೆಟ್ಟದ್ದರಿಂದಲೇ ಅಲರ್ಜಿ ಹೆಚ್ಚು. ಕಂದು ಗಾಜಿನ ಬಾಟಲಿ ಕೊಳ್ಳಿ, ಮುಚ್ಚಳ ಬಿಗಿ ಮಾಡಿ, ತೆರೆದ ತಾರೀಖು ಬರೆದಿಡಿ. ಮೊದಲ ಸಲ ಮೊಣಕೈ ಒಳಗೆ ಚೂರು ಹಚ್ಚಿ ಒಂದು ದಿನ ಕಾಯಿರಿ.

ಹೆಸರಿನಲ್ಲಿ ಟೀ ಇದೆ ಅಂತ ಬಿಸಿನೀರಿಗೆ ಹಾಕಿ ಕುಡಿಯುವ ಸಾಹಸ ಮಾತ್ರ ಬೇಡ. ಹೊಟ್ಟೆಗೆ ಹೋದರೆ ಇದು ವಿಷ. ಮಕ್ಕಳು ನುಂಗಿದರೆ ಮಂಪರು ಬರುತ್ತದೆ, ನಡಿಗೆ ತೂರಾಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ನಾಯಿ ಬೆಕ್ಕಿನ ಮೈಗೂ ಹಚ್ಚಬೇಡಿ, ಉಣ್ಣಿ ಹುಳ ಹೋಗುತ್ತದೆ ಅಂತ ಯಾರು ಎಷ್ಟೇ ಹೇಳಲಿ.